ರುಚಿ ನೋಡದ ಸಾರು

ತಾರಿಹಾಳದಲ್ಲಿ ನಮ್ಮ ವರ್ಕ್‌ಶಾಪಿನ ಹಿಂದೆ ತಗಡಿನ ಖಾನಾವಳಿ ನಡೆಸುವ ಶಹಜಹಾನಬೇಗಂ ಎಲ್ಲದಕ್ಕೂ ಅಲ್ಲಾಹನಿಗೆ ಶುಕ್ರಿಯಾ ಹೇಳುವ ಹೆಂಗಸು. ಒಲೆ ಹೊತ್ತಿದರೆ ಶುಕ್ರಿಯಾ, ಹೊತ್ತದೆ ಹೊಗೆ ಎದ್ದರೆ ಸೊಳ್ಳೆ ಓಡಿದ್ದಕ್ಕೆ ಶುಕ್ರಿಯಾ. ಊಟಕ್ಕೆ ತಡವಾಗಿ ಹೋದರೆ ನಮ್ಮನ್ನು ಮನಸಾರೆ ಬೈಯುತ್ತಾಳೆ, ಆಮೇಲೆ ಬಂದೆವಲ್ಲ ಎಂದು ಅದಕ್ಕೂ ಶುಕ್ರಿಯಾ. ವರ್ಷವೆಲ್ಲ ಮತ್ತೆ ಮತ್ತೆ ರುಚಿ ನೋಡಿ ಮಾಡಿದ ಅವಳ ಸಾರು ಒಂದು ದಿನ ಉಪ್ಪುಪ್ಪು, ಒಂದು ದಿನ ಸಪ್ಪೆ. ರಂಜಾನಿನಲ್ಲಿ ಮಾತ್ರ, ರೋಜಾ ಉಪವಾಸ ಹಿಡಿದು ನಾಲಿಗೆಗೆ ಹನಿ ಸೋಕಿಸದೆ ಮಾಡಿದ ಸಾರು ತಿಂಗಳಿಡೀ ಹದ ತಪ್ಪುವುದಿಲ್ಲ. ನನ್ನ ಪಕ್ಕದ ಲೇತ್ ಮಷಿನ್ನಿನ ಗುಡ್ಡಪ್ಪ "ನಾ ರುಚಿ ನೋಡ್ಲೇನ್ರಿ ಚಾಚಿ?" ಎಂದು ಸೌಟಿಗೆ ಕೈ ಹಾಕಿದರೆ, "ಬಿಡೋ, ಒಲಿ ನಂದು, ಉಪ್ಪು ಮ್ಯಾಲಿನಾವಂದು" ಎನ್ನುತ್ತಾಳೆ. ಒಂದು ರಂಜಾನಿನಲ್ಲಿ ಅವಳ ಗಂಡ ಖಾದರಬಾಷಾ ಆಪರೇಷನ್ ಆಗಿ, ಇನ್ನೂ ಕಣ್ಣು ತೆರೆಯದೆ ಆಸ್ಪತ್ರೆಯಲ್ಲಿ ಮಲಗಿದ್ದ. "ಅಲ್ಲಿ ಒಳಗ ಬಿಡೂದಿಲ್ರಿ. ನೀವರೆ ಉಣ್ರಿ" ಎಂದು ಬಂದವಳು, ಆಸ್ಪತ್ರೆಯಿಂದ ಫೋನು ಬಂದೀತೆಂದು ಎದುರಿನ ಎಸ್‌ಟಿಡಿ ಬೂತಿನ ಕಡೆಗೇ ಕಿವಿ ಇಟ್ಟು ಅಡುಗೆ ಮಾಡಿ ಬಡಿಸಿದಳು. ಮೊದಲ ತುತ್ತಿಗೇ ಗೊತ್ತಾಯಿತು, ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. "ಉಪ್ಪು ಬರೋಬ್ಬರಿ ಐತಿಲ್ರಿ?" ಎಂದು ಕೇಳಿದಳು. ಗುಡ್ಡಪ್ಪ ತಾಟು ಮುಂದೆ ಹಿಡಿದು, "ಭಾಳ ಛಲೋ ಆಗೇತ್ರಿ ಚಾಚಿ, ಇನ್ನೊಂದು ಸೌಟು ಹಾಕ್ರಿ" ಎಂದ. ಅವಳು ಸೌಟು ಹಿಡಿದ ಕೈಯನ್ನೇ ಮೇಲೆತ್ತಿ, "ನೋಡ್ರಿ, ಮ್ಯಾಲಿನಾವ ನನ್ನ ಮರತಿಲ್ಲ" ಎಂದಳು. ನಾವೆಲ್ಲರೂ ತಾಟು ಚಾಚಿದೆವು.