ಇನ್ನೂರ ಹದಿನಾಲ್ಕು ಕಿಟಕಿಗಳ ನೌಕೆ

ಬೆಳಗಿನ ಐದೂವರೆ. ಗಜೇಂದ್ರಗಡದ ಕೋಟೆ ಗುಡ್ಡದ ಅಂಚು ಈಗಷ್ಟೇ ಕಾಣತೊಡಗಿದೆ. ಬಸ್ ನಿಲ್ದಾಣದಿಂದ ಮೊದಲ ಬಸ್ಸು ಇನ್ನೂ ಹೊರಟಿಲ್ಲ. ಅದರ ಹಿಂದಿನ ಓಣಿಯ ತಗಡಿನ ಮನೆಯೊಂದರ ಪಡಸಾಲೆಯಲ್ಲಿ ನಲವತ್ತೊಂದು ವರ್ಷದ ದುರ್ಗಾ ಸೆರಗನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಾರೆ. ಎಡಗೈಯಲ್ಲಿ ಕಡ್ಡಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ತುಂಡು, ಬಲಗೈಯಲ್ಲಿ ಪೆನ್ನಿನಷ್ಟು ದಪ್ಪದ ಬಣ್ಣದ ಪಿಚಕಾರಿ. ಕಾಲ ಬಳಿ ಹಳೆಯ ಫ್ರಿಜ್ಜಿನ ಕಂಪ್ರೆಸರ್ ಗುರುಗುಡುತ್ತ ಅದಕ್ಕೆ ಗಾಳಿ ಒದಗಿಸುತ್ತಿದೆ. ಹಬೆಯಂತೆ ತೆಳ್ಳಗೆ ಹೊರಬಂದ ಬೂದುಬಣ್ಣ ತುಂಡಿನ ಮೇಲೆ ಕೂರುತ್ತದೆ. ನೋಡನೋಡುತ್ತ ಅದು ಪ್ಲಾಸ್ಟಿಕ್ ಅನ್ನುವುದೇ ಮರೆತುಹೋಗುತ್ತದೆ, ಉಕ್ಕಿನ ಹಾಗೆ ಕಾಣುತ್ತದೆ.

‘ಬಸ್ಸು ಓಡ್ಯಾಡಾಕ ಹತ್ತಿದ್ರ ಮಣ್ಣ ಏಳತೈತ್ರಿ. ಬಿಸಲ ಏರಿದ್ರ ಗಾಳಿ. ಹಸಿ ಬಣ್ಣದ ಮ್ಯಾಲ ಒಂದ ಕಣಾ ಕುಂತ್ರೂ ಮುಗೀತು, ತಿಕ್ಕಿ ತಗದು ಮತ್ತ ಮೊದಲಿಂದ. ಅದಕ್ಕ ಬಣ್ಣದ ಕೆಲಸಾ ಎಲ್ಲಾ ಹೊತ್ತ ಮೂಡೂದ್ರಾಗ’ ಎನ್ನುತ್ತಾರೆ.

ದುರ್ಗಾ ಕಟ್ಟುವುದು ಆಕಾಶನೌಕೆಗಳನ್ನು. ಮುಂದೆಂದೋ ಮನುಷ್ಯರು ನಕ್ಷತ್ರಗಳ ನಡುವೆ ಓಡಾಡುವ ಕಥೆಗಳಲ್ಲಿ ಬರುವಂಥ, ಎಲ್ಲೂ ಇಲ್ಲದ ಹಡಗುಗಳು. ಅವುಗಳ ಬಿಡಿ ಭಾಗಗಳು ಡಬ್ಬಿಗಳಲ್ಲಿ ಮಾರಾಟಕ್ಕೆ ಸಿಗುತ್ತವೆ. ಒಂದು ಡಬ್ಬಿಯಲ್ಲಿ ಮುನ್ನೂರರಿಂದ ಏಳುನೂರು ತುಂಡು. ಕೆಲವು ಜೀರಿಗೆಗಿಂತ ಸಣ್ಣವು. ಆಸೆಯಿಂದ ಕೊಂಡವರಲ್ಲಿ ಎಲ್ಲರಿಗೂ ಕಟ್ಟುವ ತಾಳ್ಮೆ ಇರುವುದಿಲ್ಲ. ಅಂಥವರ ಡಬ್ಬಿಗಳು ಪುಣೆಯಿಂದ, ಹುಬ್ಬಳ್ಳಿಯಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಗಜೇಂದ್ರಗಡಕ್ಕೆ ಬರುತ್ತವೆ. ಬರಿದೇ ಜೋಡಿಸಿ ಕೊಟ್ಟರೆ ಆಗದು. ಒಬ್ಬರಿಗೆ ರೆಕ್ಕೆ ಬೇರೆಯಾಗಬೇಕು, ಇನ್ನೊಬ್ಬರಿಗೆ ಯುದ್ಧದಲ್ಲಿ ಸುಟ್ಟ ಕಲೆ ಬೇಕು, ಮತ್ತೊಬ್ಬರಿಗೆ ಒಳಗೆ ದೀಪ ಉರಿಯಬೇಕು. ಪೆಟ್ಟಿಗೆಯಲ್ಲಿ ಇಲ್ಲದ್ದನ್ನು ದುರ್ಗಾ ತಾವೇ ಮಾಡುತ್ತಾರೆ. ಬಾಲ್‌ಪೆನ್ನಿನ ಖಾಲಿ ಕಡ್ಡಿ ಕೊಳವೆಯಾಗುತ್ತದೆ, ಕೆಟ್ಟ ಗಡಿಯಾರದ ಹಲ್ಲುಚಕ್ರ ಎಂಜಿನ್ನಿನ ಬಾಯಿಗೆ ಕೂರುತ್ತದೆ.

ಧೂಳು, ಎಣ್ಣೆ, ತುಕ್ಕಿನ ಕಲೆ ಹಾಕುವುದನ್ನು ಅವರು ಕಲಿತದ್ದು ಬಸ್ ನಿಲ್ದಾಣದಲ್ಲಿ. ಗಾಲಿಯ ಹಿಂದೆ ಕೆಸರು ಹೇಗೆ ಸಿಡಿಯುತ್ತದೆ, ಡೀಸೆಲ್ ಮುಚ್ಚಳದ ಕೆಳಗೆ ಕಪ್ಪು ಹೇಗೆ ಇಳಿಯುತ್ತದೆ ಎಂದು ನಿಂತು ನೋಡುತ್ತಾರೆ. ‘ಆಕಾಶದಾಗ ಧೂಳ ಇರತೈತೋ ಇಲ್ಲೋ ನನಗ ಗೊತ್ತಿಲ್ಲರಿ. ಆದ್ರ ಓಡಿದ ಗಾಡಿ ಅಂದಮ್ಯಾಗ ಓಡಿದ್ದು ಕಾಣಬೇಕು’ ಎಂದು ನಗದೇ ಹೇಳುತ್ತಾರೆ.

ಅವರ ಬೆರಳು ಪಳಗಿದ್ದು ಮಗ್ಗದ ಮನೆಯಲ್ಲಿ. ನೇಯ್ದು ಮುಗಿಯುತ್ತ ಬಂದ ಹಾಸಿನ, ಅಂದರೆ ಮಗ್ಗದ ಉದ್ದೆಳೆಗಳ, ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುವುದಕ್ಕೆ ಇಲ್ಲಿ ಕೆಚ್ಚುವುದು ಎನ್ನುತ್ತಾರೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ದುರ್ಗಾ ದಿನಕ್ಕೆ ಎರಡು ಸಾವಿರ ಎಳೆ ಕೆಚ್ಚುತ್ತಿದ್ದರು. ಮದುವೆಯಾದ ಮೇಲೆ ಗಂಡ ಹೇಮಪ್ಪನ ಜೊತೆ ಪುಣೆಗೆ ದುಡಿಯಲು ಹೋದರು. ಹೇಮಪ್ಪ ಕಟ್ಟಡದ ಕೆಲಸಕ್ಕೆ, ದುರ್ಗಾ ಮಾದರಿಗಳನ್ನು ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಕಸ ಗುಡಿಸಲು. ಒಂದು ದಿನ ಅಲ್ಲಿ ನೌಕೆಯೊಂದರ ಕೂದಲೆಳೆಯಂಥ ಕಂಬಿ ಮುರಿದು ಕೆಲಸಗಾರರೆಲ್ಲ ತಲೆಗೆ ಕೈಹೊತ್ತು ಕೂತಿದ್ದರು. ಪೊರಕೆ ಬದಿಗಿಟ್ಟ ದುರ್ಗಾ, ರೇಷ್ಮೆ ಎಳೆ ಹೊಸೆದು ಅಂಟಿನಲ್ಲಿ ಅದ್ದಿ ಹೊಸ ಕಂಬಿ ಮಾಡಿಕೊಟ್ಟರು. ಮರುದಿನದಿಂದ ಅವರಿಗೆ ಮೇಜಿನ ಮುಂದೆ ಜಾಗ ಸಿಕ್ಕಿತು. ಅಲ್ಲಿ ಒಂಬತ್ತು ವರ್ಷ.

ಕೊರೋನಾ ಕಾಲದಲ್ಲಿ ಕಾರ್ಖಾನೆ ಮುಚ್ಚಿತು. ಊರಿಗೆ ಮರಳಿದ ಹೇಮಪ್ಪ ಗುಡ್ಡದ ಗಾಳಿಯಂತ್ರಗಳ ಕಾವಲಿಗೆ ಸೇರಿದರು. ಫ್ರಿಜ್ ದುರಸ್ತಿಯ ಮದರಸಾಬ ಗುಜರಿಗೆ ಹೋಗಬೇಕಿದ್ದ ಕಂಪ್ರೆಸರನ್ನು ರಿಪೇರಿ ಮಾಡಿ ಕೊಟ್ಟರು. ಅಲ್ಲಿಂದ ಇಲ್ಲಿಯವರೆಗೆ ಈ ಪಡಸಾಲೆಯಿಂದ ಮೂವತ್ತೊಂದು ನೌಕೆಗಳು ಹೊರಟಿವೆ. ಓಣಿಯವರ ಕಣ್ಣಿಗೆ ಅವೆಲ್ಲ ಮಕ್ಕಳ ಆಟಿಕೆ. ದಿನಕ್ಕೆ ಎಂಟು ತಾಸು ಕಣ್ಣು ಕೀಲಿಸಿ ಕೂತು ಎಡಗಣ್ಣು ಮಸುಕಾಗುತ್ತಿದೆ. ಜೋಡಣೆಯ ಹಾಳೆಗಳ ಮೇಲಿನ ಜಪಾನಿ, ಇಂಗ್ಲಿಷು ಅವರಿಗೆ ಬಾರದು. ಚಿತ್ರ ಮತ್ತು ಅಂಕಿ ನೋಡಿಯೇ ಎಲ್ಲವನ್ನೂ ಕಟ್ಟಿದ್ದಾರೆ.

ಹೋದ ದೀಪಾವಳಿ ಕಳೆದು ವಾರಕ್ಕೆ ಬಂದ ಡಬ್ಬಿಯಲ್ಲಿ ಮಾತ್ರ ಹಾಳೆಯ ತುಂಬ ಕನ್ನಡವಿತ್ತು.

ಅದನ್ನು ತಂದವರು ನರೇಗಲ್ಲಿನ ಕಾಳಿನ ವ್ಯಾಪಾರಿ ಈಶಪ್ಪ. ಅವರ ಒಬ್ಬಳೇ ಮಗಳು ನಿರ್ಮಲಾ, ಇಪ್ಪತ್ತಾರು ವರ್ಷ, ಮೂತ್ರಪಿಂಡದ ಕಾಯಿಲೆಯಿಂದ ಎರಡು ವರ್ಷ ನರಳಿ ತೀರಿಕೊಂಡಿದ್ದಳು. ಆ ಎರಡು ವರ್ಷ ಹಾಸಿಗೆಯ ಪಕ್ಕದ ಮೇಜಿನ ಮೇಲೆ ಅವಳು ಕಟ್ಟುತ್ತಿದ್ದ ನೌಕೆ ಅರ್ಧಕ್ಕೆ ನಿಂತಿತ್ತು. ‘ತಂಗಿ, ಇದನ್ನ ಆಕಿ ಹ್ಯಾಂಗ ಬರದಿಟ್ಟಾಳ ಹಂಗ ಮುಗಿಸಿಕೊಡು. ಮನ್ಯಾಗ ಗೊತ್ತಿಲ್ಲ. ನಮ್ಮಾಕಿಗೆ ಈ ಡಬ್ಬಿ ಕಂಡ್ರ ಆಗೂದಿಲ್ಲ’ ಎಂದು ಹೇಳಿದ ಈಶಪ್ಪ ಚಹಾ ಕೂಡ ಕುಡಿಯದೆ ಎದ್ದುಹೋದರು.

ನಿರ್ಮಲಾ ಪೆಟ್ಟಿಗೆಯ ಮೇಲಿನ ಚಿತ್ರವನ್ನು ಒಪ್ಪಿರಲಿಲ್ಲ. ಅದು ಸರಕು ಸಾಗಿಸುವ ನೌಕೆ. ಅದಕ್ಕೆ ಒಂದೂ ಕಿಟಕಿ ಇರಲಿಲ್ಲ. ಅವಳು ಅದನ್ನು ಜನ ಕೂರುವ ನೌಕೆಯಾಗಿ ಬದಲಿಸಿದ್ದಳು. ಎರಡೂ ಮಗ್ಗುಲಿಗೆ ಸೇರಿ ಇನ್ನೂರ ಹದಿನಾಲ್ಕು ಕಿಟಕಿ, ಒಳಗೆ ದೀಪ. ಸಾಸಿವೆ ಗಾತ್ರದ ಆ ತೂತುಗಳನ್ನು ಕೈಬೈರಿಗೆಯಿಂದ ಒಂದೊಂದಾಗಿ ಕೊರೆಯುತ್ತ ನೂರಾ ಮೂವತ್ತೊಂದಕ್ಕೆ ಬಂದಿದ್ದಳು. ಹಾಳೆಯ ಅಂಚಿನಲ್ಲಿ ತಾರೀಖು, ಮುಂದೆ ಲೆಕ್ಕ: ಇವತ್ತು ಆರು. ಇವತ್ತು ಎರಡು. ಇವತ್ತು ಆಗಲಿಲ್ಲ. ಇವತ್ತು ಒಂದು.

‘ಅಕ್ಷರಾ ಕೂಡಿಸಿ ಕೂಡಿಸಿ ಓದಿದ್ನಿರಿ. ಕಡೀಕ ಎಂಟ ದಿವಸ ಬರೇ ಆಗಲಿಲ್ಲ, ಆಗಲಿಲ್ಲ. ಆಮ್ಯಾಲ ಏನೂ ಇಲ್ಲ. ಹಾಳಿ ಮಡಚಿ ಇಟ್ಟು ಅವತ್ತ ಬ್ಯಾರೆ ಕೆಲಸಾ ಮಾಡ್ದೆ’ ಎಂದು ದುರ್ಗಾ ನೆನಪಿಸಿಕೊಳ್ಳುತ್ತಾರೆ.

ಉಳಿದ ಎಂಬತ್ಮೂರು ಕಿಟಕಿಗಳನ್ನು ಅವರು ಹದಿನೈದು ದಿನಗಳಲ್ಲಿ ಕೊರೆದರು. ಸಂಕ್ರಾಂತಿಯ ಮರುದಿನ ದೀಪದ ತಂತಿಗಳನ್ನು ಒಳಗೆ ಹಾಯಿಸುವಾಗ ಅನಾಹುತವಾಯಿತು. ಎಡ ಮಗ್ಗುಲಿನ ಒಂದು ಪ್ಲಾಸ್ಟಿಕ್ ಹಲಗೆಯ ಮೇಲೆ ಹೆಬ್ಬೆರಳಿನ ಭಾರ ಸ್ವಲ್ಪ ಹೆಚ್ಚು ಬಿತ್ತು. ಟಕ್ಕೆಂದು ಸದ್ದಾಯಿತು. ಹಲಗೆ ನಡುವೆ ಸೀಳಿ ಎರಡು ತುಂಡಾಗಿ ಕೈಗೆ ಬಂತು. ಅದರಲ್ಲಿದ್ದ ನಲವತ್ತೆರಡು ಕಿಟಕಿಗಳೂ ನಿರ್ಮಲಾ ಕೊರೆದವು.

‘ಒಂಬತ್ತ ವರ್ಷ ಪುಣೇದಾಗ, ಇಲ್ಲಿ ಇಷ್ಟ ವರ್ಷ. ನಾ ಹಂಗ ಒಡದಾಕಿ ಅಲ್ಲರಿ. ಕೈ ನೋಡಕೋತ ಕುಂತೆ’ ಎನ್ನುವಾಗ ದುರ್ಗಾ ಈಗಲೂ ತಮ್ಮ ಬಲ ಹೆಬ್ಬೆರಳನ್ನು ಮಡಚಿಕೊಳ್ಳುತ್ತಾರೆ.

ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಅದೇ ಅಳತೆಯ ಹೊಸ ಹಲಗೆ ಮಾಡಿದರು. ಒಡೆದ ತುಂಡುಗಳನ್ನು ಜೋಡಿಸಿ ಅದರ ಮೇಲಿಟ್ಟು, ನಿರ್ಮಲಾಳ ತೂತುಗಳ ಮೂಲಕವೇ ಗುರುತು ಹಾಕಿ ನಲವತ್ತೆರಡನ್ನೂ ಕೊರೆದರು. ಹೊಸತು ಯಾವುದು, ಹಳೆಯದು ಯಾವುದು ಎಂದು ಹೇಳಲಾಗದಷ್ಟು ಒಂದೇ ಆಗಿ ಬಂತು. ಗಂಡ ಹೇಮಪ್ಪ ನೋಡಿ, ‘ಹಚ್ಚಿ ಮುಗಸು. ಬಣ್ಣಾ ಬಿದ್ದಮ್ಯಾಲ ಯಾರಿಗೆ ತಿಳೀತೈತಿ?’ ಎಂದರು.

‘ನಾಳಿ ಸಾವಕಾರ್ರು ಬಂದು ಇದು ನಮ್ಮ ಹುಡಿಗಿ ಕೊರದದ್ದು ಅಂತ ಕೈ ಆಡಸ್ತಾರ. ನಾ ಕೊರದದ್ದನ್ನ ಮುಟ್ಟಿ ಅಳ್ತಾರ. ಅದನ್ನ ನಾ ನೋಡಕೋತ ನಿಂದರ್ಲೇನು?’ ಎಂದು ದುರ್ಗಾ ಗಂಡನನ್ನು ಕೇಳಿದರು. ಮರುದಿನ ಒಡೆದ ತುಂಡುಗಳನ್ನೂ ಹೊಸ ಹಲಗೆಯನ್ನೂ ಹತ್ತಿಯಲ್ಲಿ ಸುತ್ತಿಕೊಂಡು ದುರ್ಗಾ ನರೇಗಲ್ಲಿನ ಬಸ್ಸು ಹತ್ತಿದರು.

ಈಶಪ್ಪ ಮನೆಯಲ್ಲಿರಲಿಲ್ಲ. ಸಂತೆಯ ದಿನ, ಅಂಗಡಿಗೆ ಹೋಗಿದ್ದರು. ಬಾಗಿಲು ತೆರೆದವರು ನಿರ್ಮಲಾಳ ತಾಯಿ ಬಾಳವ್ವ. ಸಾವಕಾರರನ್ನೇ ಕಾಣಬೇಕು ಎಂದು ದುರ್ಗಾ ತಡವರಿಸಿದಾಗ, ಏನು ಕೆಲಸ ಎಂದು ಬಾಳವ್ವ ಬಿಡದೆ ಕೇಳಿದರು. ಸುಳ್ಳು ಹೇಳಲು ದುರ್ಗಾಗೆ ಬಾಯಿ ಬರಲಿಲ್ಲ. ಕಟ್ಟೆಯ ಮೇಲೆ ಹತ್ತಿಯ ಗಂಟು ಬಿಚ್ಚಿದರು.

‘ಆ ಡಬ್ಬಿ ನಾ ಬಾವ್ಯಾಗ ಒಗೀ ಅಂದಿದ್ದೆ’ ಎಂದರು ಬಾಳವ್ವ. ‘ಆ ಅಂಟಿನ ವಾಸನಿನ ನನ್ನ ಮಗಳನ್ನ ತಿಂತು. ಡಾಕ್ಟರ್ರು ಅಲ್ಲ ಅಂತಾರ. ಅವರಿಗೇನು ಗೊತ್ತು? ನೀ ಅದನ್ನ ಮತ್ತ ನನ್ನ ಮನಿಗೆ ತಂದೀಯಾ?’

‘ಅಕ್ಕಾರ, ಬೇಕಾರ ಬೈರಿ. ಆದ್ರ ನಿಮ್ಮ ಮಗಳು ಕೊರದದ್ದು ನನ್ನ ಕೈಯಾಗ ಒಡೀತು. ಅದನ್ನ ಹೇಳಿ ಹೋಗಾಕ ಬಂದೇನಿ’ ಎಂದರು ದುರ್ಗಾ.

ಬಾಳವ್ವ ತುಂಡುಗಳನ್ನು ಮುಟ್ಟಲಿಲ್ಲ. ನಿಂತಲ್ಲಿಂದಲೇ ನೋಡುತ್ತಿದ್ದರು. ಏನಾದರೂ ಹೇಳಬೇಕೆನಿಸಿ ದುರ್ಗಾ ಅಂದರು: ‘ಸಾಲು ನೋಡ್ರಿ, ದಾರಾ ಹಿಡದಾಂಗ ಐತಿ. ಕೈ ಒಂಚೂರೂ ನಡಗಿಲ್ಲ ಆಕಿದು.’

‘ನಡಗಿಲ್ಲಾ?’ ಬಾಳವ್ವನ ದನಿ ಏರಿತು. ‘ಕಡೀ ಆರ ತಿಂಗಳ ನೀರಿನ ಲೋಟಾ ಹಿಡಿಯಾಕ ಆಗ್ತಿದ್ದಿಲ್ಲ ಆಕಿಗೆ. ನಾ ಕುಡಸ್ತಿದ್ದೆ.’

ಆಗ ದುರ್ಗಾ ತುಂಡುಗಳನ್ನು ತಿರುವಿ ಹಿಂಬದಿ ತೋರಿಸಿದರು. ಅಲ್ಲಿ ಕೆಲವು ಕಿಟಕಿಗಳ ಸುತ್ತ ತೆಳ್ಳನೆಯ ಬಿಳಿ ಕಲೆಗಳಿದ್ದವು. ಬೈರಿಗೆ ಜಾರಿ ತೂತು ವಾರೆಯಾದಾಗಲೆಲ್ಲ ನಿರ್ಮಲಾ ಅದನ್ನು ಮುಚ್ಚಿ, ಒಣಗಿಸಿ, ತಿಕ್ಕಿ ಮತ್ತೆ ಕೊರೆದಿದ್ದಳು. ನಲವತ್ತೆರಡರಲ್ಲಿ ಹತ್ತೊಂಬತ್ತು ಕಡೆ ಹಾಗೆ. ಒಂದು ಕಡೆ ಮೂರು ಸಲ. ಹಲಗೆ ಸೊರಗಿದ್ದೂ ಅದಕ್ಕೇ. ಬಾಳವ್ವ ಕಟ್ಟೆಯ ಮೇಲೆ ಕೂತರು. ತುಂಡುಗಳನ್ನು ಅಂಗೈಗೆ ತೆಗೆದುಕೊಂಡು ಆ ಬಿಳಿ ಕಲೆಗಳನ್ನು ಒಂದೊಂದಾಗಿ ಬೆರಳಿನಿಂದ ಎಣಿಸಿದರು. ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದರು.

‘ನಾ ಒಳಗ ಬಂದ ಕೂಡ್ಲೇ ಇದರ ಮ್ಯಾಲ ಅರಿವಿ ಹೊಚ್ಚಿಬಿಡತಿದ್ಲು. ನಾ ಬೈತೇನಿ ಅಂತ’ ಎಂದರು. ನಂತರ ಕೇಳಿದರು: ‘ಈಗ ಏನ ಮಾಡ್ತಿ?’

ದುರ್ಗಾ ಬಸ್ಸಿನಲ್ಲಿ ಯೋಚಿಸಿಕೊಂಡು ಬಂದಿದ್ದನ್ನು ಹೇಳಿದರು. ಒಡೆದದ್ದನ್ನು ಕೂಡಿಸಿ ಹೊರಗೆ ಹಚ್ಚಿದರೆ ಭಾರ ತಡೆಯದು. ಹೊಸತನ್ನು ಹೊರಗೆ ಹಚ್ಚಿ, ಹಳೆಯದನ್ನು ಕೂಡಿಸಿ ಅದರ ಬೆನ್ನಿಗೆ ಒಳಗಡೆಯಿಂದ ಅಂಟಿಸಬಹುದು. ತೂತಿಗೆ ತೂತು ಸರಿಯಾಗಿ ಕೂರುತ್ತದೆ.

‘ಅಂದ್ರ ಬೆಳಕು ಆಕಿ ಕಿಟಕಿ ದಾಟೇ ಹೊರಗ ಬರಬೇಕು?’

‘ಹೌದ್ರಿ ಅಕ್ಕಾರ. ಬ್ಯಾರೆ ದಾರಿ ಇಲ್ಲ ಅದಕ್ಕ.’

‘ಹಂಗಾರ ಹಂಗ ಮಾಡು’ ಎಂದ ಬಾಳವ್ವ ಒಳಗೆ ಹೋಗಿ ರೊಟ್ಟಿ, ಪಲ್ಯ ತಂದು ಮುಂದಿಟ್ಟರು. ನಾಲ್ಕು ದಿನಗಳಲ್ಲಿ ಹೊಟ್ಟೆ ತುಂಬ ಉಂಡದ್ದು ಅವತ್ತೇ ಎಂದು ದುರ್ಗಾ ಹೇಳುತ್ತಾರೆ.

ಯುಗಾದಿಗೆ ಮುಂಚೆ ನೌಕೆ ನರೇಗಲ್ಲಿಗೆ ಹೋಯಿತು. ಅದರ ಅಡಿಯ ಹಲಗೆಯ ಮೇಲೆ ಇಬ್ಬರ ಹೆಸರೂ ಇರಲಿ ಎಂದು ಈಶಪ್ಪ ಒತ್ತಾಯಿಸಿದರು. ದುರ್ಗಾ ಒಪ್ಪಲಿಲ್ಲ. ನಿರ್ಮಲಾಳ ಹೆಸರನ್ನಷ್ಟೇ ಬರೆದು ಕೊಟ್ಟರು. ನಾನು ಆ ಮನೆಗೆ ಹೋದಾಗ ಒಂದೂವರೆ ಮೊಳ ಉದ್ದದ ನೌಕೆ ಪಡಸಾಲೆಯ ಗೂಡಿನಲ್ಲಿ ಗಾಜಿನ ಪೆಟ್ಟಿಗೆಯೊಳಗಿತ್ತು. ಮುಸ್ಸಂಜೆ ದೇವರ ದೀಪ ಹಚ್ಚಿ ಬಂದ ಬಾಳವ್ವ ಅದರ ಗುಂಡಿಯನ್ನೂ ಒತ್ತಿದರು. ಕಿಟಕಿಗಳೆಲ್ಲ ಒಮ್ಮೆಲೇ ಬೆಳಗಿದವು. ಬಾಳವ್ವ ಎದುರಿನ ಗೋಡೆಗೆ ಒರಗಿ ಕೂತು ಅಕ್ಕಿ ಆರಿಸತೊಡಗಿದರು. ನಾನು ಹೊರಡುವಾಗ, ‘ಆ ದುರ್ಗವ್ವಗ ಒಮ್ಮಿ ಬಾ ಅಂತ ಹೇಳ್ರಿ. ಬರತೇನಿ ಅಂತಾಳ, ಬರೂದಿಲ್ಲ’ ಎಂದರು.

ಆ ಮಾತನ್ನು ಗಜೇಂದ್ರಗಡದ ಪಡಸಾಲೆಯಲ್ಲಿ ಮುಟ್ಟಿಸುತ್ತೇನೆ. ದುರ್ಗಾ ಕಂಪ್ರೆಸರ್ ಆರಿಸಿ, ಪಿಚಕಾರಿಯ ಮೂತಿಯನ್ನು ಬಣ್ಣ ಕರಗಿಸುವ ತಿನ್ನರಿನಲ್ಲಿ ಅದ್ದಿ ಒರೆಸುತ್ತಿದ್ದಾರೆ. ಹೊರಗೆ ಬಸ್ಸುಗಳ ಹಾರ್ನು ಶುರುವಾಗಿದೆ.

‘ಮೂವತ್ತೊಂದ ಹಡಗ ಕಟ್ಟೇನ್ರಿ. ಎಲ್ಲಾ ಗೇಣ ದೂರದಿಂದ ನೋಡಿದ್ದು. ತಂತಿ ಕೂಡೇತೋ ಇಲ್ಲೋ, ಬಣ್ಣ ಹಾರೇತೋ ಏನು, ಅಷ್ಟ ನೋಡೂದು. ಕಟ್ಟಿ ಡಬ್ಬಿಗೆ ಹಾಕಿದ್ನಿ ಅಂದ್ರ ಹೋತು’ ಎನ್ನುತ್ತಾರೆ. ಮೂತಿಯನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಡುತ್ತಾರೆ. ‘ಈ ಸಲ ಹೋಗ್ತೇನಿ. ಬಾಳಕ್ಕಾರ ಬಾಜೂಕ ಆ ಗ್ವಾಡಿಗೆ ಕುಂತು, ದೂರದಿಂದ ಒಮ್ಮಿ ನೋಡಬೇಕು. ಕೈಯಾಗ ಏನೂ ಕೆಲಸಾ ಇಟಗೊಳ್ಳದ.’