ಚರಂಡಿ ಬಾಯಲ್ಲಿ ಗಾಳ

ಕೊಲ್ಲಿ ದೇಶದ ಫಹಾಹೀಲಿನಲ್ಲಿ ದೊಡ್ಡ ಚರಂಡಿ ಸಮುದ್ರಕ್ಕೆ ಬೀಳುವಲ್ಲಿ ಚಳಿಗಾಲದ ಶುಕ್ರವಾರಗಳಂದು ನಾವು ನಮ್ಮೂರ ಕಡೆಯವರು ಗಾಳ ಹಾಕುತ್ತಿದ್ದೆವು. ನಮ್ಮ ಆಫೀಸಿನ ಅಕೌಂಟೆಂಟರು ತಮಗೆ ತಾವೇ ಗುರುಪಟ್ಟ ಕಟ್ಟಿಕೊಂಡಿದ್ದರು. ಖುಬೂಸ್ ರೊಟ್ಟಿಯನ್ನು ನಾದಿ ಗಾಳಕ್ಕೆ ಸಿಕ್ಕಿಸುವುದನ್ನು ಕಲಿಸಿದವರು ಅವರೇ. ಬೆರಳುದ್ದದ ಮರಿ ಸಿಕ್ಕಿದರೂ ನೀರಿಗೆ ಬಿಡುತ್ತಿರಲಿಲ್ಲ. ಗರಿಗರಿಯಾಗಿ ಹುರಿದರೆ ಮುಳ್ಳನ್ನೂ ತಿನ್ನಬಹುದಂತೆ. ವರ್ಷ ಕಳೆದಂತೆ ಮೀನು ಕಡಿಮೆಯಾಯಿತು, ಅವರ ಕಾರಣಗಳು ಹೆಚ್ಚಾದವು. ಒಮ್ಮೆ ಗಾಳಿ ಸರಿಯಿಲ್ಲ, ಇನ್ನೊಮ್ಮೆ ಬಂಗಾಳಿಗಳ ಕಾಟ. ತಮ್ಮ ಮನೆಯ ಬಾಣಲೆಯ ಸುದ್ದಿ ಮಾತ್ರ ಎತ್ತಲಿಲ್ಲ. ಕೊನೆಗೆ ಗಾಳಕ್ಕೆ ಪ್ಲಾಸ್ಟಿಕ್ ಚೀಲ ಬಿಟ್ಟರೆ ಬೇರೇನೂ ಬರದಾಯಿತು. ಅವತ್ತು ಖಾಲಿ ಬಕೆಟನ್ನು ಕಾರಿಗೆ ಹಾಕುತ್ತಾ ಅವರು ನನಗೆ ಹೇಳಿದರು: "ಎಷ್ಟು ವರ್ಷ ಖುಬೂಸ್ ತಿನ್ನಿಸಿದೆವು ಮಾರಾಯ. ಈ ಮೀನುಗಳಿಗೆ ನಿಯತ್ತೇ ಇಲ್ಲ."