ಟೆರೇಸು ಹತ್ತಿದ ಆಲಿವ್ ಮರ

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಒಣಗಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಅಬುಧಾಬಿಯ ಈ ಬನಿಯಾಸಿನಲ್ಲಿ ಯಾರೂ ಇಲ್ಲ ಎಂದು ಆಗ ನನಗೆ ಗಟ್ಟಿ ನಂಬಿಕೆ ಇತ್ತು. ನಾವಿದ್ದದ್ದು ವಿಲ್ಲಾದಲ್ಲಿ. ವಿಲ್ಲಾ ಎಂದಕೂಡಲೇ ಊರಿನವರು ಕಣ್ಣರಳಿಸುತ್ತಿದ್ದರು, ನಾನೂ ಅವರನ್ನು ತಿದ್ದಲು ಹೋಗುತ್ತಿರಲಿಲ್ಲ. ಒಂದು ಮನೆಯನ್ನು ಜಿಪ್ಸಮ್ ಹಲಗೆ ಹಾಕಿ ತುಂಡು ಮಾಡಿ ಹಲವು ಸಂಸಾರಗಳಿಗೆ ಹಂಚಿದ್ದರು. ನಮ್ಮ ಪಾಲಿಗೆ ಬಂದದ್ದು ಒಂದು ರೂಮು, ಅಡುಗೆಗೊಂದು ಮೂಲೆ ಮತ್ತು ಪಕ್ಕದವರ ಜಗಳವನ್ನು ಮಲಗಿಕೊಂಡೇ ಕೇಳುವ ಸೌಲಭ್ಯ. ಟೆರೇಸು ಯಾರಿಗೂ ಬೇಡವಾಗಿದ್ದರಿಂದ ನನಗೆ ಸಿಕ್ಕಿತು. ಊರಿನಲ್ಲಿ ಉದ್ದಿನ ಹಪ್ಪಳ ಹರಡಿದರೆ ಮೋಡ ನೋಡುತ್ತಾ ಕೂರಬೇಕು. ಇಲ್ಲಿ ಹಳೆ ಸೀರೆ ಹಾಸಿ, ಹಪ್ಪಳ ಹರಡಿ, ಕೆಳಗಿಳಿದು ಒಂದು ಚಹಾ ಕುಡಿದು ಮತ್ತೆ ಹತ್ತಿದರೆ ಅವು ಆಗಲೇ ಗಲಗಲ ಅನ್ನುತ್ತಿದ್ದವು. ಬಾಳಕದ ಮೆಣಸು, ಸಾಬಕ್ಕಿ ಸಂಡಿಗೆ, ಏನು ಹಾಕಿದರೂ ಅಷ್ಟೇ. ಬರ್ ದುಬೈಯಿಂದ ಬಂದ ನೆಂಟರೂ ಕಟ್ಟಿಸಿಕೊಂಡು ಹೋಗುತ್ತಿದ್ದರು. ಆ ಬಿಸಿಲನ್ನು ನಾನೇ ಊರಿನಿಂದ ತರಿಸಿದ್ದೇನೆ ಎಂಬಂತೆ ಓಡಾಡುತ್ತಿದ್ದೆ.

ನನ್ನ ತಮ್ಮ ಮುಸಫಾದ ಒಂದು ಮರಗೆಲಸದ ವರ್ಕ್‌ಶಾಪಿನಲ್ಲಿದ್ದ. ಮರಗೆಲಸ ಎನ್ನುವುದು ಹೊರಗಿನ ಬೋರ್ಡಿನ ಮಾತು. ಒಳಗೆ ಮರ ಎಂಬ ವಸ್ತುವೇ ಇರಲಿಲ್ಲ. ಮರದ ಪುಡಿಗೆ ಅಂಟು ಕಲಸಿ ಒತ್ತಿದ ಎಂಡಿಎಫ್ ಹಲಗೆ ಕೊಯ್ಯುವುದು, ಅದರ ಮೇಲೆ ಮರದ ಚಿತ್ರವಿರುವ ಹಾಳೆ ಅಂಟಿಸುವುದು, ಇದೇ ಕೆಲಸ. ಗೋಧಿ ಹಿಟ್ಟಿನಷ್ಟು ನುಣುಪಾದ ಆ ಧೂಳು ಅವನ ಎದೆಯೊಳಗೆ ಬಿಡಾರ ಹೂಡಿತ್ತು. ಶುಕ್ರವಾರ ಅವನು ಊಟಕ್ಕೆ ಬರುವಾಗ ಮೊದಲು ಕೆಮ್ಮು ಮೆಟ್ಟಿಲು ಹತ್ತುತ್ತಿತ್ತು, ಹಿಂದಿನಿಂದ ಅವನು.

ಅವನ ಜೀವ ಇದ್ದದ್ದು ಲೇತಿನ ಮೇಲೆ. ವರ್ಕ್‌ಶಾಪಿನ ಮೂಲೆಯಲ್ಲಿ, ಮೆಟ್ಟಿಲ ಕಂಬ ಕಡೆಯಲೆಂದು ಯಾವ ಕಾಲದಲ್ಲೋ ತಂದು ಮರೆತಿದ್ದ ಲೇತೊಂದಿತ್ತು. ಕೆಲಸ ಮುಗಿದ ಮೇಲೆ ಸಿಕ್ಕಿದ ಕಟ್ಟಿಗೆ ತುಂಡನ್ನು ಅದಕ್ಕೆ ಸಿಕ್ಕಿಸಿ ಬಟ್ಟಲು ಕಡೆಯುತ್ತಿದ್ದ. ಕಲಿಸಿದವರು ಯಾರೆಂದರೆ ಫೋನಿನಲ್ಲಿ ಬರುವ ಬಿಳಿ ಗಡ್ಡದ ಮುದುಕರು. ನಾನೂ ನನ್ನ ಗಂಡನೂ ಅದನ್ನು ಹಿಡಿದುಕೊಂಡು ಅವನನ್ನು ಸಾಕಷ್ಟು ಗೋಳು ಹೊಯ್ದುಕೊಂಡಿದ್ದೇವೆ. ಮದುವೆಗೆ ಹೆಣ್ಣು ನೋಡುವುದನ್ನೂ ಅವರ ಹತ್ತಿರವೇ ಕೇಳಿ ಕಲಿ ಎಂದು ಅವನ ಬಾವ ಹೇಳುತ್ತಿದ್ದರು.

ಒಂದು ಮನೆಗೆ ಅಡುಗೆಕೋಣೆಯ ಕಪಾಟು ಕೂರಿಸಲು ಹೋದಾಗ ಅವನಿಗೆ ಆ ಆಲಿವ್ ಮರ ಸಿಕ್ಕಿತು. ಅದು ನಿಜವಾದ ವಿಲ್ಲಾ. ಮನೆಯ ಮೇಡಂ ತೋಟದ ಅಂದಕ್ಕೆಂದು ಸ್ಪೇನಿನಿಂದ ಹಡಗಿನಲ್ಲಿ ತರಿಸಿದ ಮುದಿ ಮರ. ಅದನ್ನು ಬೇರು ಸಮೇತ ಕಿತ್ತು ತಂದು, ಹುಲ್ಲಿನ ನಡುವೆ ನೆಟ್ಟು, ಮೈತುಂಬ ಸೀರಿಯಲ್ ಲೈಟು ಸುತ್ತಿ, ಬೇಡ ಬೇಡವೆಂದರೂ ನೀರು ಕುಡಿಸಿ ಕೊಂದಿದ್ದರು. ನಾವೂ ಕಿತ್ತು ತಂದವರೇ, ಆದರೆ ನಮಗೆ ಯಾರೂ ಲೈಟು ಸುತ್ತಲಿಲ್ಲ. ತೋಟದ ಕಂಪನಿಯವರು ಖಲಾಸ್ ಎಂದು ಅದನ್ನು ಕತ್ತರಿಸಿ ಕಸದ ಲಾರಿಗೆ ತುಂಬುತ್ತಿದ್ದಾಗ ನನ್ನ ತಮ್ಮ, ಯಾರ ಮುಂದೆಯೂ ಬಾಯಿ ಬಿಡದವನು, ಹೋಗಿ ಅಡ್ಡ ನಿಂತನಂತೆ. ಫೋನಿನಲ್ಲಿದ್ದ ತನ್ನ ಬಟ್ಟಲುಗಳ ಫೋಟೋ ತೋರಿಸಿದನಂತೆ.

ಮೇಡಂ ಮನಸ್ಸು ಕರಗಿತು. ಮಗಳ ಮದುವೆ ಮರುವರ್ಷದ ಚಳಿಗಾಲಕ್ಕೆ ನಿಶ್ಚಯವಾಗಿತ್ತು. ಖರ್ಜೂರ ಇಡಲು ಈ ಮರದ್ದೇ ಬಟ್ಟಲುಗಳಾಗಲಿ ಎಂದರು. ಅದು ಚೆನ್ನಾಗಿ ಬಂದರೆ ಹಿತ್ತಲಲ್ಲಿ ಖಾಲಿ ಬಿದ್ದಿರುವ ಡ್ರೈವರ್ ರೂಮಿನಲ್ಲಿ ಲೇತು ಹಾಕಿಕೋ, ವೀಸಾದ ಕಾಗದಪತ್ರ ನಾನು ನೋಡಿಕೊಳ್ಳುತ್ತೇನೆ ಎಂದೂ ಹೇಳಿದರು. ಎಂಡಿಎಫ್ ಧೂಳಿನಿಂದ ಹೊರಬರಲು ಅವನಿಗೆ ಅದೊಂದೇ ಬಾಗಿಲು. ಆ ದಿನ ಅವನು ಎರಡು ಸಲ ಅನ್ನ ಹಾಕಿಸಿಕೊಂಡ.

ಮರ ಸೀಳಿದ್ದು ಶುಕ್ರವಾರ, ವರ್ಕ್‌ಶಾಪಿಗೆ ರಜೆ ಇದ್ದಾಗ. ಬ್ಯಾಂಡ್ ಸಾ ಎಂಬ ಗರಗಸದ ಯಂತ್ರದ ಬ್ಲೇಡು ಹಾಳಾಗಬಾರದು ಎಂಬ ಒಂದೇ ಷರತ್ತಿನ ಮೇಲೆ ಮಾಲೀಕರು ಬೀಗದ ಕೈ ಕೊಟ್ಟಿದ್ದರು. ನನ್ನ ಗಂಡ ಪಿಕಪ್ಪಿನಲ್ಲಿ ದಿಮ್ಮಿ ತಂದು ಹಾಕಿ, ಬ್ಯಾನೆಟ್ಟಿಗೊರಗಿ ನಿಂತು ಸಲಹೆ ಕೊಡುವ ಕೆಲಸ ಹಿಡಿದರು. ಹಳೆ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ನನ್ನ ತಮ್ಮ ದಿಮ್ಮಿಯ ಮೈಮೇಲೆಲ್ಲ ಆಡಿಸಿದ. ಲೈಟು ಸುತ್ತಿದವರು ಹೊಡೆದ ಮೊಳೆ, ಪಿನ್ನುಗಳು ಒಂದೊಂದಾಗಿ ಸಿಕ್ಕಿದವು. ಎಲ್ಲ ಕಿತ್ತ ಮೇಲೆ, ಉರುಳದಂತೆ ದಿಮ್ಮಿಯನ್ನು ಒಂದು ಹಲಗೆಗೆ ಸ್ಕ್ರೂ ಹಾಕಿ ಬಿಗಿದು ನಡುವಿಗೆ ಸರಿಯಾಗಿ ಸೀಳಿದ. ಆ ಕಡೆ ತುದಿ ಹಿಡಿದವಳು ನಾನು. ಹೋಳುಗಳು ತೆರೆದುಕೊಂಡಾಗ ಒಳಗೆ ಜೇನಿನ ಬಣ್ಣ, ಅದರ ಮೇಲೆ ಕಾಫಿ ಚೆಲ್ಲಿದ ಹಾಗೆ ಗೆರೆಗಳು. ಬಲಿತ ಹಣ್ಣಿನಂಥ ಒಂದು ಎಣ್ಣೆ ವಾಸನೆ. ಸತ್ತದ್ದು ಹೀಗೂ ಇರುತ್ತದೆಯೇ ಎಂದು ನನ್ನ ಗಂಡ ಕೂಡ ಸಲಹೆ ನಿಲ್ಲಿಸಿದರು.

ಆಮೇಲೆ ಅವನು ನಡುವಿನ ತಿರುಳಿನ ಪಟ್ಟಿಯನ್ನೇ ಕೊಯ್ದು ಎಸೆದ. ಅಷ್ಟು ಚಂದದ ಮರ ದಂಡವಾಯಿತಲ್ಲ ಎಂದು ನಾನು ಗೊಣಗಿದೆ. ತಿರುಳು ಉಳಿದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ ಎಂದ. ನನ್ನ ಸ್ಟೀಲ್ ತಟ್ಟೆಯನ್ನು ಹೋಳಿನ ಮೇಲಿಟ್ಟು ಪೆನ್ಸಿಲಿನಿಂದ ಗುಂಡಗೆ ಗೆರೆ ಎಳೆದು, ಗೆರೆಗುಂಟ ಕೊಯ್ದು ದಪ್ಪ ಬಿಲ್ಲೆಗಳನ್ನು ಮಾಡಿದ. ಅವನು ಬ್ಲಾಂಕ್ ಎನ್ನುತ್ತಿದ್ದ, ನಾನು ಬಿಲ್ಲೆ ಎನ್ನುತ್ತಿದ್ದೆ. ನನ್ನ ಪಾಲಿನ ಕೆಲಸ ಮೇಣ ಬಳಿಯುವುದು. ಹಾಲು ಕಾಯಿಸುವ ಹಳೆ ಪಾತ್ರೆಯಲ್ಲಿ ಮೇಣ ಕರಗಿಸಿ, ಮರದ ನಾರು ಕಡಿದಿರುವ ಕಡೆಗಳಿಗೆಲ್ಲ ಬ್ರಶ್ಶಿನಿಂದ ಬಳಿದೆ. ನೀರಿನಂಶ ಅಲ್ಲಿಂದ ಓಡಿಹೋಗಬಾರದು, ನಿಧಾನವಾಗಿ ಮೈಯಿಂದ ಹೋಗಬೇಕು ಎಂದು ಅವನ ಲೆಕ್ಕ. ಕೊನೆಗೆ ಪ್ರತಿಯೊಂದನ್ನೂ ನನ್ನ ಅಡುಗೆಯ ತಕ್ಕಡಿಯಲ್ಲಿ ತೂಗಿ, ತೂಕವನ್ನು ಅದರ ಬೆನ್ನಿಗೇ ಬರೆದ. ತೂಕ ಇಳಿಯುವುದು ನಿಂತ ದಿನ ಮರ ಒಣಗಿತೆಂದು ಅರ್ಥ.

ಅವನಿದ್ದ ಕಾರ್ಮಿಕರ ಕ್ಯಾಂಪಿನಲ್ಲಿ ಬಂಕ್ ಮಂಚದ ಮೇಲೆ ಬಂಕ್ ಮಂಚ, ಬಿಲ್ಲೆಗೆ ಜಾಗ ಮಾಫಿ, ಇಲ್ಲವೇ ಇಲ್ಲ. ಹಾಗಾಗಿ ಅವು ಪೇಪರು ಸುತ್ತಿಕೊಂಡು, ರಟ್ಟಿನ ಪೆಟ್ಟಿಗೆಗಳಲ್ಲಿ ನಮ್ಮ ಮಂಚದಡಿಗೆ ಬಂದವು.

"ಅಕ್ಕ, ಇದಕ್ಕೆ ಬಿಸಿಲು ಬೀಳಬಾರದು. ಎಸಿ ಗಾಳಿ ನೇರ ಬಡೀಬಾರದು. ಸುಮ್ಮನೆ ಇರ್ಲಿ, ಒಂದು ವರ್ಷ," ಎಂದ.

"ಬಾಣಂತಿ ಅಂತ ಹೇಳು. ಕಷಾಯವೂ ಕೊಡ್ಬೇಕಾ?"

ಅವನು ನಕ್ಕು ಹೋದ. ನಾನು ಅದೇ ಸಂಜೆ ಒಂದು ಬಾಣಂತಿಯನ್ನು ಎತ್ತಿ ಅಲ್ಮೆರಾದ ಕುಂಟು ಕಾಲಿನಡಿಗೆ ಕೊಟ್ಟೆ. ನೆಲ ಸಮ ಇಲ್ಲದೆ ಅದರ ಬಾಗಿಲು ತನ್ನಷ್ಟಕ್ಕೆ ತೆರೆದುಕೊಳ್ಳುತ್ತಿತ್ತು.

ಬೇಸಿಗೆಗೆ ಅವನನ್ನು ಅಲ್ ಐನಿನ ಒಂದು ಸೈಟಿಗೆ ಕಳಿಸಿದರು. ಫೋನಿನಲ್ಲಿ ಮಾತಿಗಿಂತ ಕೆಮ್ಮೇ ಹೆಚ್ಚು. ಸರಿಯಾಗಿ ಉಸಿರು ಸಿಗದೆ ಅರ್ಧಕ್ಕೆ ನಿಲ್ಲಿಸಿ, ಬಿಲ್ಲೆ ಹೇಗಿವೆ ಅಕ್ಕ ಎಂದು ಕೇಳುತ್ತಿದ್ದ. ಒಂದು ವರ್ಷ ಕಾಯುವಷ್ಟರಲ್ಲಿ ಮೇಡಂ ಮರೆತರೆ, ಇವನ ಎದೆ ಪೂರ್ತಿ ಕೆಟ್ಟರೆ ಎಂದು ನನಗೆ ಯೋಚನೆ. ಮಂಚದಡಿ ಗುಡಿಸಲು ಆಗುವುದಿಲ್ಲವೆಂಬ ಸಿಟ್ಟೂ ಸ್ವಲ್ಪ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಬಿಳಿ ಗಡ್ಡದ ಮುದುಕರಿಗೆ ಒಣಗಿಸುವುದೆಂದರೆ ಏನು ಗೊತ್ತು? ಅವರ ದೇಶದಲ್ಲಿ ಬಿಸಿಲೇ ಇಲ್ಲ. ಪಾಪ, ಅದಕ್ಕೇ ಒಂದು ವರ್ಷ ಕಾಯುತ್ತಾರೆ. ತಲೆಯ ಮೇಲೆ ಇಂಥ ಟೆರೇಸು ಇಟ್ಟುಕೊಂಡು ನಾನೇಕೆ ಕಾಯಬೇಕು?

ಜುಲೈಯ ಒಂದು ಬೆಳಿಗ್ಗೆ ಪೆಟ್ಟಿಗೆಗಳನ್ನು ಹೊತ್ತುಕೊಂಡು ಮೇಲೆ ಹೋದೆ. ಹಪ್ಪಳದ ಸೀರೆಯನ್ನೇ ಹಾಸಿದೆ. ಬಿಲ್ಲೆಗಳನ್ನು ಒಂದಕ್ಕೊಂದು ತಾಗದಂತೆ ಸಾಲಾಗಿ ಹರಡಿದೆ. ಹೊತ್ತು ನೆತ್ತಿಗೆ ಬಂದಾಗ ಮತ್ತೆ ಹತ್ತಿ ಒಂದೊಂದನ್ನೂ ಮಗುಚಿ ಹಾಕಿದೆ. ಕಾಗೆ ಕಾಯುವುದೊಂದು ಬಾಕಿ. ಹೀಗೆ ಕೆಲವು ದಿನ ನಡೆಯಿತು. ತೂಗಿ ನೋಡಿದರೆ ತೂಕ ಸರಸರ ಇಳಿಯುತ್ತಿತ್ತು. ನನ್ನ ಬುದ್ಧಿಗೆ ನಾನೇ ಮೆಚ್ಚಿ, ಅವನು ಬರೆದ ತೂಕದ ಕೆಳಗೆ ನನ್ನ ತೂಕವನ್ನು ಬರೆಯಬೇಕೆಂದೂ ಇದ್ದೆ. ಬರೆಯದೆ ಉಳಿದದ್ದು ಪೆನ್ಸಿಲು ಸಿಗಲಿಲ್ಲ ಎಂಬ ಕಾರಣಕ್ಕೆ.

ಒಂದು ಮಧ್ಯಾಹ್ನ ಮಗುಚಲು ಹೋದಾಗ ಕಂಡಿತು. ಮೇಣ ಕರಗಿ ಸೀರೆಗೆ ಇಳಿದಿತ್ತು. ಮೇಣ ಇದ್ದ ಜಾಗದಲ್ಲಿ ಕೂದಲೆಳೆಯಂಥ ಗೆರೆಗಳು. ಮರದ ಗೆರೆ ಇರಬೇಕೆಂದು ಉಗುರಿನಿಂದ ಕೆರೆದೆ. ಉಗುರು ಒಳಗೆ ಹೋಯಿತು.

ಆಗ ನಾನು ಮಾಡಬೇಕಾಗಿದ್ದದ್ದು ಒಂದು ಫೋನು. ಮಾಡಿದ್ದು ಬೇರೆ. ಎಲ್ಲವನ್ನೂ ಕೆಳಗೆ ತಂದು, ಅದೇ ಹಾಲಿನ ಪಾತ್ರೆಯಲ್ಲಿ ಮೇಣ ಕರಗಿಸಿ, ಬಿರುಕು ಮುಚ್ಚುವಂತೆ ದಪ್ಪಗೆ ಬಳಿದೆ. ಮೊದಲ ಸಲಕ್ಕಿಂತ ಈ ಸಲ ಕೆಲಸ ಅಚ್ಚುಕಟ್ಟಾಗಿತ್ತು. ಪೇಪರು ಸುತ್ತಿ, ಪೆಟ್ಟಿಗೆಗೆ ಹಾಕಿ ಮಂಚದಡಿಗೆ ತಳ್ಳಿದೆ. ಮೇಣ ಹತ್ತಿದ ಸೀರೆಯನ್ನು ಎಸೆದೆ. ಬಿರುಕು ತನ್ನಿಂದ ತಾನೇ ಕೂಡಿಕೊಳ್ಳಲಿ ಎಂದು ದೇವರಿಗೆ ಹರಕೆಯನ್ನೂ ಹೊತ್ತೆ. ದೇವರಿಗೆ ಮಾಡಲು ಬೇರೆ ಕೆಲಸ ಇಲ್ಲವಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ತಮ್ಮ ಅಲ್ ಐನಿನಿಂದ ಬಂದ. ತೂಗಿ ನೋಡಿ ಹುಬ್ಬೇರಿಸಿದ. ಇಷ್ಟು ಬೇಗ ಒಣಗಿತಾ ಎಂದು ಮತ್ತೆ ಮತ್ತೆ ತೂಗಿದ. ಮರದ ಗುಣ ಇರಬಹುದು ಎಂದು ತಾನೇ ಸಮಾಧಾನ ಹೇಳಿಕೊಂಡು, ಮೇಡಂಗೆ ಮೊದಲ ಬಟ್ಟಲು ತೋರಿಸಲು ದಿನ ಕೊಟ್ಟೂ ಬಿಟ್ಟ. ಶುಕ್ರವಾರ ಲೇತಿಗೆ ಹಾಕಿದ. ನಾನು ಊಟ ತೆಗೆದುಕೊಂಡು ಹೋದಾಗ ಎರಡು ಬಿಲ್ಲೆ ಒಡೆದು ನೆಲದಲ್ಲಿದ್ದವು. ಮೂರನೆಯದು ತಿರುಗುತ್ತಿತ್ತು. ಉಳಿ ತಾಗಿಸುತ್ತಿದ್ದಂತೆ ಫಟ್ಟೆಂದು ಎರಡು ಹೋಳಾಗಿ, ಒಂದು ಅವನ ಕಿವಿಯ ಪಕ್ಕದಿಂದ ಹಾರಿ ಗೋಡೆಗೆ ಬಡಿಯಿತು. ಅವನು ಮೋಟಾರು ನಿಲ್ಲಿಸಿ, ಉಳಿದವುಗಳ ಮೇಣ ಕೆರೆದ. ಎಲ್ಲದರಲ್ಲೂ ಬಿರುಕು.

ಅವನು ನನ್ನ ಮುಖ ನೋಡಿ ಕೇಳಿದ. "ಅಕ್ಕ, ಇವು ಮಂಚದಡಿಯಲ್ಲೇ ಇದ್ದವಲ್ವಾ?"

"ಮತ್ತೆಲ್ಲಿ ಇರ್ತವೆ?" ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ನೀನು ಕೊಯ್ದದ್ದರಲ್ಲೇ ಎಂತದೋ ಹೆಚ್ಚುಕಮ್ಮಿ ಆಗಿರ್ಬೇಕು," ಎಂದೂ ಸೇರಿಸಿದೆ. ಮೊದಲೇ ಹೇಳಿದೆನಲ್ಲ, ಕೆಲಸ ಅಚ್ಚುಕಟ್ಟು.

ಅವನು ನಂಬಿದ. ಅಕ್ಕ ಹೇಳಿದ್ದನ್ನು ನಂಬುವುದು ಅವನಿಗೆ ಚಿಕ್ಕಂದಿನಿಂದ ಅಭ್ಯಾಸ. ಮೇಡಂ ಹತ್ತಿರ ಹೋಗಿ, ನನಗೆ ಮರದ ಕೆಲಸ ಗೊತ್ತಿಲ್ಲ, ಕ್ಷಮಿಸಿ ಎಂದು ಹೇಳಿ ಬಂದ. ಅವರು ಬೈಯಲಿಲ್ಲ. ಮದುವೆಗೆ ಗಾಜಿನ ಬಟ್ಟಲು ತರಿಸಿದರು. ಡ್ರೈವರ್ ರೂಮಿಗೆ ವ್ಯಾಯಾಮದ ಯಂತ್ರ ಬಂತು. ತಮ್ಮ ಮತ್ತೆ ಲೇತಿನ ಹತ್ತಿರ ಹೋಗಲಿಲ್ಲ. ಬಿಳಿ ಗಡ್ಡದ ಮುದುಕರನ್ನೂ ನೋಡಲಿಲ್ಲ. ಶುಕ್ರವಾರ ಬರುತ್ತಿದ್ದ, ಕೆಮ್ಮುತ್ತಿದ್ದ, ನಾನು ಶುಂಠಿ ಕಷಾಯ ಮಾಡಿ ಕೊಡುತ್ತಿದ್ದೆ. ತುಂಬ ಪ್ರೀತಿಯ ಅಕ್ಕ ಎಂದು ಅಕ್ಕಪಕ್ಕದವರು ಮೆಚ್ಚಿಕೊಳ್ಳುತ್ತಿದ್ದರು.

ಕೆಲವು ವರ್ಷಗಳ ನಂತರ ವಿಲ್ಲಾ ಖಾಲಿ ಮಾಡಬೇಕಾಯಿತು. ಸಾಮಾನು ಸಾಗಿಸಲು ತಮ್ಮ ಬಂದ. ಅವನೂ ಅವನ ಬಾವನೂ ಅಲ್ಮೆರಾ ಎತ್ತಿದಾಗ ಅದರ ಕಾಲಿನಡಿಯಿಂದ ಧೂಳು ಹಿಡಿದ ಒಂದು ಬಿಲ್ಲೆ ಹೊರಬಂತು. ನಾನು ಅದನ್ನು ಮರೆತೇಬಿಟ್ಟಿದ್ದೆ. ಬಾವ ಹಗ್ಗ ತರಲು ಪಿಕಪ್ಪಿಗೆ ಹೋದರು. ಇವನು ನೆಲದಲ್ಲಿ ಕುಳಿತು ಬೀಗದ ಕೈಯಿಂದ ಮೇಣ ಕೆರೆದ. ಬೆಳಕಿಗೆ ಹಿಡಿದ. ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ. ಒಂದು ಕೂದಲೆಳೆಯ ಬಿರುಕೂ ಇರಲಿಲ್ಲ.

"ಇದೊಂದು ಯಾಕೆ ಒಡೀಲಿಲ್ಲ?" ಎಂದ. ನನ್ನನ್ನು ಕೇಳಿದ್ದೂ ಅಲ್ಲ, ತನ್ನಷ್ಟಕ್ಕೆ ಹೇಳಿಕೊಂಡದ್ದು.

ಎಂದಿನಂತೆ ಸುಳ್ಳು ಬಾಯಿಗೆ ಬಂದು ನಿಂತಿತ್ತು. ಅವನು ಬಿಲ್ಲೆಯನ್ನು ಮಗುವಿನ ತಲೆಯ ಹಾಗೆ ಹಿಡಿದುಕೊಂಡಿದ್ದ.

"ಅದು ಟೆರೇಸಿಗೆ ಹೋಗಿರ್ಲಿಲ್ಲ," ಎಂದೆ.

"ಉಳಿದದ್ದು?"

"ಹೋಗಿತ್ತು. ನಾನೇ ಬಿಸಿಲಿಗೆ ಹಾಕಿದ್ದು. ಮೇಣ ಕರಗಿತು. ಆಮೇಲೆ ಮತ್ತೆ ಬಳಿದು ಇಟ್ಟೆ."

ಅವನು ಬಿಲ್ಲೆಯನ್ನು ತಿರುಗಿಸಿ, ಬೆನ್ನಿಗೆ ತಾನೇ ಬರೆದಿದ್ದ ತೂಕದ ಮೇಲೆ ಬೆರಳಾಡಿಸಿದ. ಕೊನೆಗೆ ಕೇಳಿದ, "ಮಗುಚಿ ಹಾಕಿದ್ಯಾ?"

"ಎರಡೂ ಬದಿ."

"ಹಪ್ಪಳದ ಹಾಗೆ."

"ಹೌದು."

ಕೆಳಗಿನಿಂದ ಅವನ ಬಾವ ಯಲ್ಲಾ ಯಲ್ಲಾ, ಬೇಗ ಬಾ ಎಂದು ಕೂಗಿದರು. ಅವನು ಎದ್ದು ಬಿಲ್ಲೆಯನ್ನು ಊಟದ ಚೀಲಕ್ಕೆ ಹಾಕಿಕೊಂಡ. ಬಾಗಿಲ ಹತ್ತಿರ ನಿಂತು, ತಿರುಗದೆಯೇ ಹೇಳಿದ. "ನನ್ನ ಕೈಯೇ ಸರಿ ಇಲ್ಲ ಅಂತ ಇದ್ದೆ ಅಕ್ಕ, ಇಷ್ಟು ವರ್ಷ."

ಬೈದಿದ್ದರೆ ನಾನೂ ನಾಲ್ಕು ಮಾತು ಹೇಳಿ, ಅತ್ತು, ಹಗುರಾಗುತ್ತಿದ್ದೆ. ಅಷ್ಟು ಉಪಕಾರ ಅವನು ಮಾಡಲಿಲ್ಲ. ಅಲ್ಮೆರಾ ಇಳಿಸಿದ, ಹೊಸ ಫ್ಲಾಟಿಗೆ ತಂದು ಕೂರಿಸಿದ, ಕಾಲಿನಡಿಗೆ ರಟ್ಟು ಮಡಚಿಟ್ಟು ಬಾಗಿಲು ನಿಲ್ಲುತ್ತದೆಯೇ ಎಂದು ನೋಡಿ ಹೋದ. ಆಮೇಲೆ ಎಷ್ಟೋ ಶುಕ್ರವಾರ ಬರಲಿಲ್ಲ. ಕೆಲಸ ಉಂಟು ಎಂದು ಬಾವನಿಗೆ ಫೋನು ಮಾಡುತ್ತಿದ್ದ, ನನಗಲ್ಲ.

ಈ ಫ್ಲಾಟಿನ ಟೆರೇಸಿಗೆ ಬೀಗ ಹಾಕಿದ್ದಾರೆ. ಕಟ್ಟಡದವರಿಗೆ ಯಾರೋ ನನ್ನ ವಿಷಯ ಹೇಳಿರಬೇಕು. ಹಪ್ಪಳ ಈಗ ಪ್ಯಾಕೆಟ್ಟಿನಲ್ಲಿ ತರುತ್ತೇವೆ.

ಮೊನ್ನೆ ಶುಕ್ರವಾರ ತಮ್ಮ ಊಟಕ್ಕೆ ಬಂದ. ಕೆಮ್ಮು ಇತ್ತು. ಆದರೆ ಅಂಗಿಯ ತೋಳಿನಲ್ಲಿ ಸಿಕ್ಕಿಕೊಂಡಿದ್ದದ್ದು ಎಂಡಿಎಫ್ ಪುಡಿಯಲ್ಲ, ಜೇನು ಬಣ್ಣದ ಸುರುಳಿ ಸುರುಳಿ ಮರದ ಸಿಪ್ಪೆ. ಎಲ್ಲೋ ಒಂದು ಹೋಟೆಲಿನ ಆಲಿವ್ ಮರ ಸತ್ತಿದೆಯಂತೆ, ದಿಮ್ಮಿ ಸೀಳಿ ಬಿಲ್ಲೆ ಮಾಡಿದ್ದಾನಂತೆ, ಈ ಸಲ ಮೇಣವನ್ನು ತಾನೇ ಬಳಿದನಂತೆ. ಇದೆಲ್ಲ ಅವನು ಬಾವನ ಕಡೆ ನೋಡಿಕೊಂಡು ಹೇಳಿದ್ದು. ಎಲ್ಲಿಟ್ಟಿದ್ದೀ ಎಂದು ಬಾವ ಕೇಳಿದರು. ಅವನು ನನ್ನ ಕಡೆ ಒಮ್ಮೆ ನೋಡಿ, ಇನ್ನೊಂದು ಸ್ವಲ್ಪ ಸಾರು ಹಾಕು ಎಂದ. ನಾನು ಸಾರು ಹಾಕಿದೆ.